ಹುಣಸೆಹುಳಿ ಹಚ್ಚಿ ತಿಕ್ಕಬೇಡಿ, ಅದು ಹಿತ್ತಾಳೆಯಲ್ಲ

ಮಾನ್ಯ ಸಂಪಾದಕರೇ,

ಮಳೆಗಾಲ ಹತ್ತಿರ ಬಂತು. ಕಾರವಾರದಿಂದ ಭಟ್ಕಳದವರೆಗೆ ಕರಾವಳಿಯಲ್ಲೂ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರದ ಮನೆಗಳಲ್ಲೂ ಈಗ ಅಟ್ಟ ಖಾಲಿ ಮಾಡುವ ಹೊತ್ತು. ಹಂಚು ಸರಿಪಡಿಸಿ, ಕಟ್ಟಿಗೆ ಒಳಗೆ ಸೇರಿಸಿ, ನಾಗಂದಿಗೆಯ ಮೇಲಿನ ಟ್ರಂಕು, ಬಿಸ್ಕೆಟ್ ಡಬ್ಬಿಗಳನ್ನು ಅಂಗಳಕ್ಕಿಳಿಸಿ ಬಿಸಿಲು ತೋರಿಸುತ್ತಾರೆ. ಆ ಡಬ್ಬಿಗಳ ತಳದಲ್ಲಿ ಅಂಗೈಯಲ್ಲಿ ಕೂರುವ, ಎತ್ತಿದರೆ ತೂಕ ಗೊತ್ತಾಗುವ ಲೋಹದ ಆಟಿಕೆ ಕಾರುಗಳು ಸಿಗುವುದುಂಟು. ಮುಂಬೈಯಲ್ಲಿ ನೌಕರಿಗಿದ್ದವರು, ಹಡಗಿಗೆ ಹೋದವರು, ಗಲ್ಫಿನಿಂದ ರಜೆಗೆ ಬಂದವರು ಮನೆಯ ಮಕ್ಕಳಿಗೆಂದು ತಂದವು. ಸಿಕ್ಕಿದ ಮೇಲೆ ಅವಕ್ಕೆ ಎರಡೇ ಗತಿ. ಒಂದೋ ಗುಜರಿಯವರ ತಕ್ಕಡಿ. ಇಲ್ಲವೇ ಹುಣಸೆಹುಳಿ, ಸೋಪಿನ ಪುಡಿ ಹಾಕಿ ತೆಂಗಿನ ನಾರಿನಿಂದ ಗಸಗಸ ತಿಕ್ಕಿ, ಗೇಟಿಗೆ ಹಚ್ಚಿ ಉಳಿದ ಎನಾಮೆಲ್ ಬಳಿದು ಶೋಕೇಸಿಗೆ ಏರಿಸುವುದು. ಎರಡನೆಯದು ಪ್ರೀತಿಯಿಂದ ಮಾಡುವ ಕೆಲಸ, ಆದರೆ ಹಾನಿ ಅದರಲ್ಲೇ ಹೆಚ್ಚು. ಗುಜರಿಗೆ ಹೋದ ಕಾರನ್ನು ಕಣ್ಣಿದ್ದವರು ಯಾರಾದರೂ ಎತ್ತಿಕೊಂಡಾರು. ಹುಳಿ ತಿಂದ ಅಂಚು, ಕರಗಿಹೋದ ಅಕ್ಷರ ಮರಳಿ ಬರುವುದಿಲ್ಲ. ಆದ್ದರಿಂದ ಮಳೆ ಹಿಡಿಯುವ ಮೊದಲೇ ಈ ಪತ್ರಕ್ಕೆ ಜಾಗ ಕೊಡಬೇಕೆಂದು ಕೋರುತ್ತೇವೆ.

ಈ ಕಾರುಗಳ ಮೈ ಬಹುಪಾಲು ಸತು. ಅದಕ್ಕೆ ಶೇ 4ರಷ್ಟು ಅಲ್ಯೂಮಿನಿಯಂ, ತುಸು ತಾಮ್ರ, ಚಿಟಿಕೆ ಮೆಗ್ನೀಶಿಯಂ ಸೇರಿಸಿದ ಮಿಶ್ರಲೋಹವನ್ನು ಜಮಾಕ್ ಎನ್ನುತ್ತಾರೆ. ಅದು 400 ಡಿಗ್ರಿ ಸೆಲ್ಸಿಯಸ್ ಒಳಗೇ ಕರಗುತ್ತದೆ. ಕರಗಿದ್ದನ್ನು ಉಕ್ಕಿನ ಅಚ್ಚಿಗೆ ಒತ್ತಡದಿಂದ ನುಗ್ಗಿಸಿ ಎರಕ ಹೊಯ್ಯುವುದರಿಂದಲೇ ಡೈಕಾಸ್ಟ್ ಎಂಬ ಹೆಸರು. ಸತುವಿಗೆ ಆಮ್ಲವೂ ಆಗದು, ಕ್ಷಾರವೂ ಆಗದು. ಚೊಂಬು, ದೀಪ ಬೆಳಗುವ ಹುಣಸೆಹುಳಿ ಹಿತ್ತಾಳೆಯ ಕಿಲುಬನ್ನು ಕರಗಿಸಿ ಅಲ್ಲಿಗೆ ನಿಲ್ಲುತ್ತದೆ. ಸತು ಸಿಕ್ಕರೆ ಲೋಹವನ್ನೇ ತಿನ್ನುತ್ತ ಹೋಗುತ್ತದೆ. ನಿಂಬೆ, ಮುರುಗಲು, ವಿನೆಗರ್ ಯಾವುದಾದರೂ ಅಷ್ಟೇ. ಬಣ್ಣ ಕೀಳಲೆಂದು ಬಿಸಿನೀರಿಗೆ ಕಾಸ್ಟಿಕ್ ಸೋಡಾ ಹಾಕಿ ಕಾರು ಮುಳುಗಿಸುವವರಿದ್ದಾರೆ. ಬಣ್ಣ ಬೇಗ ಸುಲಿದು ಬರುತ್ತದೆ, ನಿಜ. ಆದರೆ ನೀರಿನಲ್ಲಿ ಸಾಲುಸಾಲಾಗಿ ಏಳುವ ಸಣ್ಣ ಗುಳ್ಳೆಗಳನ್ನು ನೋಡಿ: ಸತು ಕರಗುತ್ತ ಬಿಡುವ ಹೈಡ್ರೋಜನ್ ಅದು. ಹೊರತೆಗೆದಾಗ ಮೈ ಕಪ್ಪಾಗಿರುತ್ತದೆ, ಬಾಗಿಲಿನ ಗೆರೆ ಮಸುಕಾಗಿರುತ್ತದೆ, ಮುಂದಿನ ಜಾಲರಿಯ ಕೂದಲೆಳೆಯಂಥ ಕಡ್ಡಿಗಳು ಸವೆದು ಒಂದಾಗಿರುತ್ತವೆ.

ನಮ್ಮ ಕಡೆಯ ಇನ್ನೊಂದು ರೂಢಿ ಕೊಬ್ಬರಿ ಎಣ್ಣೆ ಸವರುವುದು. ಆ ದಿನ ಕಾರು ಮಿಂಚುತ್ತದೆ. ಕೆಲವು ತಿಂಗಳಲ್ಲಿ ಎಣ್ಣೆ ಮುಗ್ಗಲು ಹಿಡಿದು ಅದರಲ್ಲಿ ಕೊಬ್ಬಿನಾಮ್ಲ ಹುಟ್ಟುತ್ತದೆ. ಆ ಆಮ್ಲ ಸತುವಿನೊಂದಿಗೆ ಸೇರಿ ಸಾಬೂನಿನಂಥ ಅಂಟು ಜಿಡ್ಡಾಗುತ್ತದೆ, ಧೂಳು ಅದಕ್ಕೆ ಮೆತ್ತಿಕೊಂಡು ಗಟ್ಟಿಯಾಗುತ್ತದೆ. ಎಣ್ಣೆ ಬೇಡವೇ ಬೇಡ.

ಕೈಗೆ ಸಿಕ್ಕಿದ್ದನ್ನು ಮೊದಲು ತಿರುಗಿಸಿ ತಳ ಓದಿ. ಡಿಂಕಿ ಟಾಯ್ಸ್ ಎಂದಿದ್ದರೆ ಅದು ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿದ್ದ ಮೆಕ್ಯಾನೊ ಕಾರ್ಖಾನೆಯದು. 1934ರಿಂದ ಆ ಹೆಸರಿನಲ್ಲಿ ಬಂತು, ಕಾರ್ಖಾನೆ 1979ರಲ್ಲಿ ಮುಚ್ಚಿತು. ಕಾರ್ಗಿ 1956ರಲ್ಲಿ ಶುರುವಾಯಿತು. ಕಿಟಕಿಗೆ ಪಾರದರ್ಶಕ ಪ್ಲಾಸ್ಟಿಕ್ ಕೂರಿಸಿ ಹೆಸರು ಮಾಡಿತು. ಈ ಎರಡೂ ಹೆಚ್ಚುಕಡಿಮೆ 1:43ರ ಅಳತೆಯವು, ಅಂದರೆ ನಿಜವಾದ ಕಾರಿನ 43ರಲ್ಲಿ ಒಂದು ಪಾಲು. ಬೆಂಕಿಪೆಟ್ಟಿಗೆಯಂಥ ಡಬ್ಬಿಯಲ್ಲಿ ಬರುತ್ತಿದ್ದ ಚಿಕ್ಕವು ಲಂಡನ್ನಿನ ಲೆಸ್ನಿ ಕಂಪನಿಯ ಮ್ಯಾಚ್‌ಬಾಕ್ಸ್, 1953ರಿಂದ. ಅವುಗಳ ಕಾಲ ಹೇಳುವುದು ಚಕ್ರ: ಮೊದಲು ಲೋಹದ ಚಕ್ರ, ಆಮೇಲೆ ಬೂದು ಪ್ಲಾಸ್ಟಿಕ್, ಆಮೇಲೆ ಕಪ್ಪು ಪ್ಲಾಸ್ಟಿಕ್. 1968ರಲ್ಲಿ ಅಮೆರಿಕದ ಹಾಟ್ ವೀಲ್ಸ್ ಸಣ್ಣ ಆಕ್ಸೆಲ್ ಮೇಲೆ ಸುಯ್ಯನೆ ಓಡುವ ಕಾರು ತಂದ ಮೇಲೆ ಲೆಸ್ನಿಯವರೂ 1969ರಿಂದ ಸೂಪರ್‌ಫಾಸ್ಟ್ ಚಕ್ರಕ್ಕೆ ಹೋದರು. ಚಕ್ರ ಬದಲಿಸುವ ಮುನ್ನ ಇದು ನೆನಪಿರಲಿ. ಬೂದು ಚಕ್ರದ ಕಾರಿಗೆ ಬೇರೆ ಕಾರಿನ ಕಪ್ಪು ಚಕ್ರ ಹಾಕಿದರೆ ಅದರ ಹುಟ್ಟಿದ ವರ್ಷದ ಗುರುತೇ ಅಳಿಸಿದಂತೆ.

ತಳದಲ್ಲಿ ನಿಕಿ ಟಾಯ್ಸ್ ಅಥವಾ ಮ್ಯಾಕ್ಸ್‌ವೆಲ್ ಎಂದಿದ್ದರೆ, ಭಾರತದ್ದೆಂದು ಕಡೆಗಣಿಸಬೇಡಿ. ಡಿಂಕಿಯ ಹಳೆಯ ಅಚ್ಚುಗಳೇ ಕಲ್ಕತ್ತೆಗೆ ಬಂದು ನಿಕಿ ಎಂಬ ಹೆಸರಿನಲ್ಲಿ ಕಾರುಗಳಾದವು. ಮ್ಯಾಕ್ಸ್‌ವೆಲ್ ಕೂಡ ಕಲ್ಕತ್ತೆಯದೇ. ಇಂಗ್ಲೆಂಡಿನದನ್ನು ಜೋಪಾನ ಮಾಡಿ ಇವನ್ನು ಗುಜರಿಗೆ ಹಾಕುವುದು ನಮ್ಮ ಊರುಗಳಲ್ಲಿ ನಡೆದೇ ಇದೆ. ನಮ್ಮ ಮಟ್ಟಿಗೆ, ಈ ಜಿಲ್ಲೆಯಲ್ಲಿ ಮೊದಲು ಉಳಿಸಬೇಕಾದವು ಇವೇ.

ಮುಂದಿನ ಪರೀಕ್ಷೆ ಸತುವಿನ ಕಾಯಿಲೆ. ಎರಕದ ಹಂಡೆಗೆ ಸೀಸ, ತವರದ ಅಂಶ ಸೇರಿದ್ದರೆ ಅದು ಲೋಹದ ಹರಳುಗಳ ಸಂದಿನಲ್ಲಿ ಕೂತು, ಬಿಸಿ ಮತ್ತು ತೇವ ಸಿಕ್ಕಾಗ ಒಳಗಿನಿಂದಲೇ ಲೋಹವನ್ನು ಕೊರೆಯುತ್ತದೆ. ಶೇ 0.01ಕ್ಕಿಂತ ಕಡಿಮೆ ಸೀಸವೂ ಸಾಕು ಇದಕ್ಕೆ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಡಿಂಕಿಗಳಲ್ಲಿ ಇದು ಹೆಚ್ಚು. ಗುರುತು ಹೀಗೆ: ಬತ್ತಿದ ಕೆರೆಯಂಗಳದಂಥ ಸಣ್ಣ ಬಿರುಕು, ಮೈ ಹಿಗ್ಗಿ ತಳದ ತಗಡು ಬಾಗಿರುವುದು, ಚಕ್ರ ಬಿಗಿದು ತಿರುಗದಿರುವುದು, ಉಗುರು ತಾಗಿದರೆ ಮೂಲೆ ಪುಡಿಯಾಗುವುದು. ಇದಕ್ಕೆ ಮದ್ದಿಲ್ಲ. ಒಂದರಿಂದ ಇನ್ನೊಂದಕ್ಕೆ ಅಂಟುವುದೂ ಇಲ್ಲ, ಹಾಗಾಗಿ ಪಕ್ಕದ ಕಾರಿಗೆ ಭಯವಿಲ್ಲ. ಅಂಥ ಕಾರಿಗೆ ಡ್ರಿಲ್ ಹಾಕಬೇಡಿ, ಬಣ್ಣ ಕೀಳಬೇಡಿ; ಇದ್ದ ಬಣ್ಣವೇ ಅದನ್ನು ಹಿಡಿದಿಟ್ಟಿರುತ್ತದೆ. ತಂಪಾದ, ಒಣಗಿದ ಜಾಗದಲ್ಲಿ ಅಲುಗದಂತೆ ಇಡುವುದಷ್ಟೇ ಸಾಧ್ಯ.

ಕರಾವಳಿಯಲ್ಲಿ ಹೆಚ್ಚು ಕಾಣುವುದು ಬೇರೆಯೇ ತೊಂದರೆ. ಆಕ್ಸೆಲ್ ಹೊಕ್ಕ ತೂತಿನ ಸುತ್ತ ಉಂಗುರದಂತೆ ಬಿಳಿ ಪುಡಿ ಕೂತಿರುತ್ತದೆ; ಬೂಸ್ಟು ಎಂದು ಒರೆಸಿದರೆ ಎರಡು ವಾರಕ್ಕೆ ಮತ್ತೆ ಬರುತ್ತದೆ. ಅದು ಬೂಸ್ಟಲ್ಲ, ಸತುವಿನ ತುಕ್ಕು. ಆಕ್ಸೆಲ್ ಕಬ್ಬಿಣದ್ದು, ಮೈ ಸತುವಿನದು, ನಡುವೆ ಕಡಲಗಾಳಿ ತಂದ ಉಪ್ಪಿನ ತೇವ. ಈ ಮೂರು ಕೂಡಿದರೆ ಸತು ತಾನು ಕರಗಿ ಕಬ್ಬಿಣವನ್ನು ಕಾಯುತ್ತದೆ. ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟಿನ ತಳಕ್ಕೆ, ನೀರು ತಳ್ಳುವ ಫ್ಯಾನಿನ ಹತ್ತಿರ, ಸತುವಿನ ಗಟ್ಟಿ ಬಿಗಿಯುವುದನ್ನು ಕಂಡವರಿಗೆ ಇದು ಹೊಸದಲ್ಲ. ಅಲ್ಲಿ ಸತು ಸವೆಯಲಿ ಎಂದೇ ಹಾಕುತ್ತಾರೆ. ಇಲ್ಲಿ ಸವೆಯುವುದು ಕಾರಿನ ಮೈ.

ಹಾಗಾಗಿ ಈಗ, ಮಳೆಗೆ ಮುಂಚೆ ಮಾಡಬೇಕಾದ್ದು ಉಪ್ಪು ತೆಗೆಯುವುದು ಮತ್ತು ಒಣಗಿಸಿಡುವುದು. ಅರ್ಧ ಲೀಟರ್ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವ ಎರಡು ಮೂರು ಹನಿ ಸಾಕು. ಚಿತ್ರ ಬರೆಯುವ ಮೆತ್ತನೆಯ ಕುಂಚ, ಕಿವಿಯ ಹತ್ತಿಕಡ್ಡಿ ಬಳಸಿ. ಕಾರನ್ನು ಮುಳುಗಿಸಬೇಡಿ, ಒಳಗೆ ಉಕ್ಕಿನ ಸ್ಪ್ರಿಂಗ್, ಬದಿಗೆ ಕಾಗದದ ಲೇಬಲ್ ಇದ್ದರೆ ಅವು ಹೋದಂತೆ. ಆಕ್ಸೆಲ್ ತೂತಿನ ಬಳಿ ಮಾತ್ರ ಎರಡು ಮೂರು ಸಲ ಡಿಸ್ಟಿಲ್ಡ್ ವಾಟರ್ ಹನಿಸಿ ಹತ್ತಿಕಡ್ಡಿಯಿಂದ ಹೀರಿಸಿ. ಬಾವಿ ನೀರು ಕಡಲ ಬದಿಯಲ್ಲಿ ಸವಳು ಇರಬಹುದು, ಕೊನೆಯ ತೊಳೆತಕ್ಕೆ ಅದು ಬೇಡ. ಬ್ಯಾಟರಿಗೆ ಹಾಕುವ ನೀರೇ ಈ ಡಿಸ್ಟಿಲ್ಡ್ ವಾಟರ್, ಯಾವ ಬ್ಯಾಟರಿ ಅಂಗಡಿಯಲ್ಲೂ ಸಿಗುತ್ತದೆ. ಆದರೆ ಆಸಿಡ್ ಕ್ಯಾನು ಎತ್ತಿಕೊಂಡು ಬರದಂತೆ ಲೇಬಲ್ ಓದಿ. ಆಮೇಲೆ ಹೇರ್ ಡ್ರೈಯರನ್ನು ಕಡಿಮೆ ಬಿಸಿಯಲ್ಲಿಟ್ಟು ಸಂದುಗಳ ನೀರು ಪೂರ್ತಿ ಹೋಗುವವರೆಗೆ ಗಾಳಿ ಹಿಡಿಯಿರಿ.

ಇಷ್ಟಾದ ಮೇಲೆ ಕಾರಿನ ಮೂಲ ಬಣ್ಣ ಅರ್ಧದಷ್ಟಾದರೂ ಉಳಿದಿದ್ದರೆ ಕೆಲಸ ಮುಗಿಯಿತು. ಮತ್ತೆ ಬಣ್ಣ ಹಚ್ಚಬೇಡಿ. ಮಕ್ಕಳ ಕೈಯಲ್ಲಿ ಸವೆದು ಮೂಲೆಗಳಲ್ಲಿ ಲೋಹ ಕಾಣುವ ಡಿಂಕಿಗೆ ಇರುವ ಬೆಲೆ, ಹೊಸ ಬಣ್ಣದ ಹೊಳಪಿನ ಡಿಂಕಿಗೆ ಇಲ್ಲ. ಬೆಲೆಯ ಮಾತು ಬಿಟ್ಟರೂ, ಕಾರ್ಖಾನೆಯಲ್ಲಿ ಹಚ್ಚಿದ ಬಣ್ಣ ಒಂದೇ ಸಲ ಬರುವುದು.

ಪೂರ್ತಿ ಬಣ್ಣ ಕಳೆದುಕೊಂಡದ್ದು, ಈಗಾಗಲೇ ಯಾರೋ ಎನಾಮೆಲ್ ಬಳಿದದ್ದು, ಟೈರ್ ಇಲ್ಲದ್ದು, ಆಕ್ಸೆಲ್ ಮುರಿದದ್ದು ಇವಕ್ಕೆ ಮಾತ್ರ ಪುನರುಜ್ಜೀವನ. ಅದನ್ನೂ ದೀಪಾವಳಿ ಕಳೆದ ಮೇಲೆ ಹಿಡಿಯಿರಿ. ಈಗ ಬಣ್ಣ ಕಿತ್ತರೆ ಬರೀ ಮೈ ಮಳೆಗಾಲವಿಡೀ ತೇವ ಕುಡಿಯುತ್ತದೆ. ಕಿತ್ತ ದಿನವೇ ಪ್ರೈಮರ್ (ಬಣ್ಣಕ್ಕೆ ಮುಂಚಿನ ತಳದ ಕೋಟು) ಬೀಳಬೇಕು, ಅದಕ್ಕೆ ಒಣಹವೆ ಬೇಕು.

ಬಿಚ್ಚುವ ಕೆಲಸ. ತಳದ ತಗಡನ್ನು ಹಿಡಿದಿರುವುದು ಒಂದೋ ಎರಡೋ ರಿವೆಟ್. ಇವು ಬಿಡಿ ರಿವೆಟ್‌ಗಳಲ್ಲ, ಮೈಯೊಂದಿಗೇ ಎರಕವಾದ ಪುಟ್ಟ ಕಂಬಗಳು. ತುದಿಯನ್ನು ಅಣಬೆಯಂತೆ ಚಪ್ಪಟೆ ಮಾಡಿರುತ್ತಾರೆ. ನಡುವಿಗೆ ಸೆಂಟರ್ ಪಂಚ್ (ಚೂಪು ತುದಿಯ ಉಕ್ಕಿನ ಕಡ್ಡಿ) ಒತ್ತಿ ಗುಳಿ ಮಾಡಿ. 1.6 ಮಿ.ಮೀ. ಡ್ರಿಲ್ ಬಿಟ್ಟಿನಿಂದ 6 ಮಿ.ಮೀ. ಆಳಕ್ಕೆ ನೆಟ್ಟಗೆ ತೂತು ಹಾಕಿ. ಬಿಟ್ಟಿಗೆ 6 ಮಿ.ಮೀ. ಮೇಲೆ ಟೇಪು ಸುತ್ತಿಕೊಂಡರೆ ಆಳ ತಪ್ಪುವುದಿಲ್ಲ. ಟೇಪಿಲ್ಲದೆ ಕೊರೆದು ಕಾರಿನ ಚಾವಣಿಯನ್ನೇ ತೂತು ಮಾಡುವುದು ಇಲ್ಲಿ ಆಗುವ ಸಾಮಾನ್ಯ ಅನಾಹುತ. ಆಮೇಲೆ 4 ಮಿ.ಮೀ. ಬಿಟ್ಟನ್ನು ಕೈಯಲ್ಲೇ ಅಥವಾ ನಿಧಾನ ಓಟದಲ್ಲಿ ತಿರುಗಿಸಿ ಅಣಬೆಯ ತಲೆಯನ್ನಷ್ಟೇ ತೆಗೆಯಿರಿ. ಬೆಳ್ಳಿಯ ಉಂಗುರದಂಥದ್ದೊಂದು ಬಿಟ್ಟಿಗೆ ಸಿಕ್ಕಿ ತಿರುಗತೊಡಗಿದ ಕ್ಷಣ ನಿಲ್ಲಿಸಿ. ಇನ್ನೂ ಇಳಿದರೆ ಕಂಬ ಗಿಡ್ಡವಾಗಿ, ಮರಳಿ ಜೋಡಿಸುವಾಗ ತಗಡು ಲೊಡಲೊಡ ಎನ್ನುತ್ತದೆ. ಉಳಿದ ಕಂಬದ ತೂತಿಗೆ ಎಂ2 (2 ಮಿ.ಮೀ. ಸ್ಕ್ರೂವಿನ) ಟ್ಯಾಪ್ ಎಂಬ ಹಲ್ಲಿನ ಉಪಕರಣ ಹಾಕಿ ಮರೆ, ಅಂದರೆ ಸ್ಕ್ರೂ ಕೂರುವ ಸುತ್ತುಗೆರೆ, ಕೊಯ್ಯಬೇಕು. ಸತು ಮೆತ್ತನೆ, ಟ್ಯಾಪಿನ ಹಲ್ಲಿಗೆ ಕಚ್ಚಿಕೊಳ್ಳುತ್ತದೆ. ಒಂದು ಹನಿ ಸೀಮೆಎಣ್ಣೆ ಬಿಟ್ಟು, ಅರ್ಧ ಸುತ್ತು ಮುಂದೆ ಕಾಲು ಸುತ್ತು ಹಿಂದೆ, ಹೀಗೆ ಹೋಗಿ. ಬಲ ಹಾಕಿದರೆ ಟ್ಯಾಪ್ ಒಳಗೇ ಮುರಿಯುತ್ತದೆ, ಆ ಉಕ್ಕಿನ ತುಂಡನ್ನು ಸತುವಿನಿಂದ ಕೀಳುವ ಉಪಾಯವಿಲ್ಲ. ಕೊನೆಗೆ ಎಂ2, 5 ಮಿ.ಮೀ. ಉದ್ದದ ಸ್ಕ್ರೂ ಕೂರುತ್ತದೆ. ಇಂಥ ಸ್ಕ್ರೂ, ಟ್ಯಾಪ್ ಹಾರ್ಡ್‌ವೇರ್ ಅಂಗಡಿಗಿಂತ ಗಡಿಯಾರ, ಮೊಬೈಲ್ ರಿಪೇರಿಗೆ ಸಾಮಾನು ಕೊಡುವವರಲ್ಲಿ ಬೇಗ ಸಿಕ್ಕುತ್ತದೆ.

ಕಿಟಕಿಯ ಪ್ಲಾಸ್ಟಿಕ್, ಸೀಟು, ಟೈರ್ ಎಲ್ಲ ಬೇರೆ ಮಾಡಿದ ಮೇಲೆ ಬಣ್ಣ ಕೀಳುವುದು. ಹಾರ್ಡ್‌ವೇರ್ ಅಂಗಡಿಯ ಪೇಂಟ್ ರಿಮೂವರ್ ಸಾಕು. ಗಾಜಿನ ಭರಣಿಯಲ್ಲಿ ಕಾರಿನ ಮೈ ಇಟ್ಟು ಹಚ್ಚಿ, ಮುಚ್ಚಳ ಹಾಕಿ 15 ನಿಮಿಷ ಬಿಡಿ. ಬಣ್ಣ ಸುಕ್ಕುಗಟ್ಟಿ ಏಳುತ್ತದೆ. ಹಿತ್ತಾಳೆ ತಂತಿಯ ಮೆತ್ತನೆ ಬ್ರಷ್ಷಿನಿಂದ ತೆಗೆದು, ಉಳಿದಿದ್ದರೆ ಇನ್ನೊಮ್ಮೆ. ಉಕ್ಕಿನ ಬ್ರಷ್ ಬೇಡ, ಗೀರು ಬಿದ್ದು ಬಣ್ಣದ ಮೇಲೂ ಕಾಣುತ್ತದೆ. ಇದನ್ನು ಬಯಲಲ್ಲೇ ಮಾಡಿ. ಮೆಥಿಲೀನ್ ಕ್ಲೋರೈಡ್ ಇರುವ ರಿಮೂವರಿನ ಆವಿ ಮುಚ್ಚಿದ ಕೋಣೆಯಲ್ಲಿ ಜೀವಕ್ಕೇ ಅಪಾಯ, ತೆಳು ಗ್ಲೌಸ್ ದಾಟಿ ಕೆಲವೇ ನಿಮಿಷದಲ್ಲಿ ಚರ್ಮ ಸುಡುತ್ತದೆ, ಚಿಮುಟದಲ್ಲಿ ಹಿಡಿಯಿರಿ. ಇನ್ನೊಂದು ಎಚ್ಚರ: ಆ ಕಾಲದ ಬಣ್ಣದಲ್ಲಿ ಸೀಸ ಇರುವ ಸಂಭವ ಹೆಚ್ಚು. ಒಣಗಿದ್ದನ್ನು ಉಜ್ಜಿ ಧೂಳೆಬ್ಬಿಸಬೇಡಿ, ಕಿತ್ತ ಬಣ್ಣವನ್ನು ಗಿಡದ ಬುಡಕ್ಕೆ ಚೆಲ್ಲಬೇಡಿ, ಊಟದ ಮೇಜಿನ ಮೇಲೆ ಈ ಕೆಲಸ ಬೇಡ, ಮಕ್ಕಳು ಹತ್ತಿರ ಇರಬಾರದು.

ಸೋಪುನೀರಲ್ಲಿ ತೊಳೆದು, ಡಿಸ್ಟಿಲ್ಡ್ ವಾಟರಿನಲ್ಲಿ ಜಾಲಿಸಿ, ಒಣಗಿಸಿದ ಮೇಲೆ ಬರಿಗೈಯಲ್ಲಿ ಮುಟ್ಟಬಾರದು. ಬೆವರಿನ ಉಪ್ಪು ಕೂತ ಕಡೆ ಬೆರಳಚ್ಚಿನ ಆಕಾರದಲ್ಲೇ ಮುಂದೆ ಬಣ್ಣ ಗುಳ್ಳೆ ಏಳುತ್ತದೆ.

ಆಕ್ಸೆಲ್ ತುಕ್ಕು ಹಿಡಿದು ತೆಳುವಾಗಿದ್ದರೆ ವರ್ನಿಯರ್‌ನಲ್ಲಿ ಅಳೆಯಿರಿ. ಯುದ್ಧದ ನಂತರದ ಡಿಂಕಿಗಳದ್ದು ಸುಮಾರು 2 ಮಿ.ಮೀ. ಸೈಕಲ್ಲಿನ 14 ಗೇಜಿನ ಕಡ್ಡಿ ಸರಿಯಾಗಿ 2 ಮಿ.ಮೀ. ಇರುವುದರಿಂದ ಯಾವ ಸೈಕಲ್ ಶಾಪಿನಲ್ಲೂ ಆಕ್ಸೆಲ್ ಸಿಕ್ಕಿದಂತೆ. ಮಾಮೂಲಿ ಕಡ್ಡಿಯ ತುದಿಯನ್ನು ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಅಣಬೆ ಮಾಡಬಹುದು. ಸ್ಟೇನ್‌ಲೆಸ್ ಕಡ್ಡಿ ಅಷ್ಟು ಸುಲಭಕ್ಕೆ ಚಪ್ಪಟೆಯಾಗದು, ತುದಿಗೆ ಅರಾಲ್ಡೈಟ್ ಅಂಟಿನ ಹನಿ ಕೂರಿಸಬೇಕು. ಆದರೆ ಅದಕ್ಕೆ ತುಕ್ಕಿನ ಭಯ ಕಡಿಮೆ. ಯಾವುದನ್ನೇ ಹಾಕಿ, ಮೈಗೆ ತಾಗುವ ಕಡೆ ವಾರ್ನಿಶ್ ತೆಳ್ಳಗೆ ಹಚ್ಚಿ ಒಣಗಿಸಿ ತೂರಿಸಿದರೆ ಎರಡು ಲೋಹಗಳ ನಡುವೆ ಒಂದು ಪದರ ಸಿಕ್ಕಿ ಆ ಬಿಳಿ ಪುಡಿ ತಡವಾಗುತ್ತದೆ.

ಹೆಚ್ಚು ಜನ ಸೋಲುವುದು ಬಣ್ಣದಲ್ಲಿ. ಎನಾಮೆಲ್ಲನ್ನು ನೇರ ಸತುವಿನ ಮೇಲೆ ಹಚ್ಚಿದರೆ ಮೊದಲ ವರ್ಷ ಚೆನ್ನಾಗಿಯೇ ಇರುತ್ತದೆ, ಆಮೇಲೆ ಬಾಳೆಸಿಪ್ಪೆಯಂತೆ ಹಾಳೆಹಾಳೆಯಾಗಿ ಬಿಡುತ್ತದೆ. ಬಣ್ಣದಲ್ಲಿರುವ ಎಣ್ಣೆಯ ಆಮ್ಲ ಸತುವಿನೊಂದಿಗೆ ಕೂಡಿ ನಡುವೆ ಸಾಬೂನಿನ ಪದರ ಕಟ್ಟುವುದೇ ಕಾರಣ. ಕೊಬ್ಬರಿ ಎಣ್ಣೆ ಮಾಡುವ ಕೆಡುಕೇ ಇದು. ಕೆಂಪು ಆಕ್ಸೈಡ್ ಪ್ರೈಮರ್ ಕಬ್ಬಿಣಕ್ಕೆಂದು ಮಾಡಿದ್ದು, ಇಲ್ಲಿ ಹಿಡಿತ ಸಾಲದು. ಬೇಕಾದ್ದು ಎಚ್ (etch) ಪ್ರೈಮರ್. ಗ್ಯಾರೇಜಿನವರು ವಾಶ್ ಪ್ರೈಮರ್ ಎನ್ನುತ್ತಾರೆ, ಎರಡು ಡಬ್ಬಿಯಲ್ಲಿ ಬರುತ್ತದೆ. ಅದರ ಫಾಸ್ಫೊರಿಕ್ ಆಮ್ಲ ಸತುವಿನ ಮೇಲ್ಮೈಯನ್ನು ಅಳತೆಯಾಗಿ ಕಚ್ಚಿ ಬಣ್ಣಕ್ಕೆ ಬೇರು ಕೊಡುತ್ತದೆ. ಕೆಳಗಿನ ಲೋಹ ಮಬ್ಬಾಗಿ ಕಾಣುವಷ್ಟು ತೆಳ್ಳಗೆ ಒಂದೇ ಕೋಟು. ದಪ್ಪ ಹಾಕಿದರೆ ಅದೇ ಪದರ ಬಿರುಕು ಬಿಡುತ್ತದೆ. ಕಲಸಿದ್ದನ್ನು ಅವತ್ತೇ ಮುಗಿಸಬೇಕು, ಮರುದಿನಕ್ಕೆ ಕೆಡುತ್ತದೆ. ಅದರ ಮೇಲೆ ಮೈ ಸಮ ಮಾಡುವ ಬೂದು ಸರ್ಫೇಸರ್, 800 ಆಮೇಲೆ 1000 ನಂಬರಿನ ವಾಟರ್ ಪೇಪರಿನಲ್ಲಿ ನೀರು ಹಾಕಿ ಹಗುರ ಉಜ್ಜುವುದು, ಆಮೇಲೆ ಬಣ್ಣ.

ಬ್ರಷ್ಷಿನಲ್ಲಿ ಯಾಕಾಗದು ಎಂದು ಕೇಳುವವರಿಗೆ ಲೆಕ್ಕವೇ ಉತ್ತರ. 1:43ರ ಕಾರಿನ ಮೇಲೆ 0.1 ಮಿ.ಮೀ. ಬಣ್ಣ ಕೂತರೆ ನಿಜವಾದ ಕಾರಿನ ಮೇಲೆ 4.3 ಮಿ.ಮೀ. ಬಣ್ಣ ಮೆತ್ತಿದಂತೆ. 1:64ರದ್ದಾದರೆ 6.4 ಮಿ.ಮೀ. ಬಾಗಿಲಿನ ಗೆರೆ ಅಲ್ಲಿಗೆ ಮುಚ್ಚಿಹೋಯಿತು. ಸ್ಪ್ರೇ ಡಬ್ಬಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ಇಟ್ಟರೆ ಒತ್ತಡ ಸಮನಾಗಿ ಹನಿ ಸಣ್ಣದಾಗುತ್ತದೆ. ಕುದಿಯುವ ನೀರಿಗೆ, ಒಲೆಯ ಹತ್ತಿರಕ್ಕೆ ಒಯ್ಯಬಾರದು, ಸಿಡಿಯುತ್ತದೆ. 20ರಿಂದ 25 ಸೆಂ.ಮೀ. ದೂರದಿಂದ, ಕಾರಿನಾಚೆ ಶುರು ಮಾಡಿ ಕಾರು ದಾಟಿದ ಮೇಲೆ ನಿಲ್ಲಿಸುತ್ತ, ಮಂಜಿನಂತೆ ಮೂರು ಕೋಟು. ನಡುವೆ ಹತ್ತು ನಿಮಿಷ.

ನಮ್ಮ ಜಿಲ್ಲೆಯಲ್ಲಿ ಬಣ್ಣ ಹಾಳು ಮಾಡುವುದು ಕೈಗಿಂತ ಹೆಚ್ಚಾಗಿ ಹವೆ. ಎನ್‌ಸಿ (ನೈಟ್ರೋಸೆಲ್ಯುಲೋಸ್) ಬಣ್ಣದ ಥಿನ್ನರ್ ಹಾರುವಾಗ ಮೇಲ್ಮೈ ತಂಪಾಗುತ್ತದೆ, ತೇವದ ಗಾಳಿಯ ನೀರು ಅದರ ಮೇಲೆ ಇಬ್ಬನಿಯಾಗಿ ಕೂತು ಬಣ್ಣ ಹಾಲಿನಂತೆ ಬೆಳ್ಳಗಾಗುತ್ತದೆ. ಗ್ಯಾರೇಜಿನವರಿಗೆ ಇದು ಗೊತ್ತು, ಬ್ಲಶಿಂಗ್ ಎನ್ನುತ್ತಾರೆ. ಥಿನ್ನರಿನಲ್ಲಿ ಶೇ 5ರಿಂದ 10ರಷ್ಟು ರಿಟಾರ್ಡರ್ ಬೆರೆಸಿದರೆ ಹಾರುವುದು ನಿಧಾನವಾಗಿ ಸ್ವಲ್ಪ ತಡೆಯುತ್ತದೆ, ಆದರೆ ಜೂನ್ ಜುಲೈಗೆ ಅದೂ ಸಾಲದು. ಡಿಸೆಂಬರಿನಿಂದ ಫೆಬ್ರವರಿ, ಮೂಡಗಾಳಿಯ ದಿನಗಳು ಒಳ್ಳೆಯವು. ಇಬ್ಬನಿ ಆರಿದ ಮೇಲೆ, ಮಧ್ಯಾಹ್ನದ ಕಡಲಗಾಳಿ ಏಳುವ ಮುಂಚೆ, ಅಂದರೆ ಹತ್ತರಿಂದ ಹನ್ನೊಂದೂವರೆಯೊಳಗೆ ಮುಗಿಸಿ. ತೇವ ತೋರಿಸುವ ಸಣ್ಣ ಮೀಟರ್ ಇದ್ದರೆ ಶೇ 65ಕ್ಕಿಂತ ಕೆಳಗಿದ್ದಾಗ ಮಾತ್ರ. ಶಿರಸಿಯ ಕಡೆ ಮಂಜು ಕರಗಲು ಇನ್ನೊಂದು ಗಂಟೆ ಕಾಯಬೇಕಾದೀತು. ಹಚ್ಚಿದ್ದನ್ನು ಧೂಳು ಬೀಳದ ಡಬ್ಬಿಯೊಳಗೆ ಒಂದು ವಾರ ಬಿಡಿ. ಮೂಗಿನ ಹತ್ತಿರ ಹಿಡಿದಾಗ ಬಣ್ಣದ ವಾಸನೆ ಬರುತ್ತಿದ್ದರೆ ಇನ್ನೂ ಒಣಗಿಲ್ಲ; ಆಗ ಜೋಡಿಸಿದರೆ ಬೆರಳ ಗುರುತು ಉಳಿಯುತ್ತದೆ.

ಕಿಟಕಿಯ ಗೀರುಗಳಿಗೆ 2000 ನಂಬರ್ ಪೇಪರಿನಲ್ಲಿ ನೀರು ಹಾಕಿ ಉಜ್ಜಿ, ಬಿಳಿ ಟೂತ್‌ಪೇಸ್ಟಿನಿಂದ ಹತ್ತಿಬಟ್ಟೆಯಲ್ಲಿ ತಿಕ್ಕಿದರೆ ತಿಳಿಯಾಗುತ್ತದೆ. ಥಿನ್ನರ್ ತಾಗಿದರೆ ಪ್ಲಾಸ್ಟಿಕ್ ಬೆಳ್ಳಗಾಗಿ ಸಿಡಿಯುತ್ತದೆ. ಕಿಟಕಿ ಅಂಟಿಸಲು ಫೆವಿಕ್ವಿಕ್‌ನಂಥ ಅಂಟು ಬೇಡ: ಅದರ ಆವಿ ಗಾಜಿನ ಒಳಮೈಗೆ ಕೂತು ಅಳಿಸಲಾಗದ ಮಂಜು ಹಿಡಿಸುತ್ತದೆ. ಬಿಳಿ ಫೆವಿಕಾಲಿನ ನಾಲ್ಕು ಚುಕ್ಕಿ ಸಾಕು. ಬಿರುಕು ಬಿಟ್ಟ ಟೈರನ್ನು ಯಾವ ಎಣ್ಣೆಯೂ ಸರಿ ಮಾಡದು. ಪಂಪ್ ರಿಪೇರಿಯವರ ಓ-ರಿಂಗು ಎಂಬ ರಬ್ಬರ್ ಬಳೆಗಳಲ್ಲಿ ಚಕ್ರದ ಅಳತೆಗಿಂತ ಒಳವ್ಯಾಸ ಒಂದು ಮಿ.ಮೀ. ಕಡಿಮೆ ಇರುವುದನ್ನು ಆರಿಸಿ, ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಏರಿಸಿದರೆ ಹೊಂದುತ್ತದೆ. ಬದಿಯ ಅಕ್ಷರ, ಚಿತ್ರಗಳನ್ನು ನೀರಿನಲ್ಲಿ ಜಾರಿಸುವ ಡೆಕಾಲ್ ಹಾಳೆಯಲ್ಲಿ ಮುದ್ರಿಸಬಹುದು. ಇಂಕ್‌ಜೆಟ್ಟಿನದ್ದಾದರೆ ಮುದ್ರಿಸಿದ ಮೇಲೆ ಕ್ಲಿಯರ್ ಸ್ಪ್ರೇ ಎರಡು ಕೋಟು ಕೊಡದೆ ನೀರಿಗಿಟ್ಟರೆ ಶಾಯಿ ಹರಿದುಹೋಗುತ್ತದೆ. ಮನೆಯ ಪ್ರಿಂಟರಿನಲ್ಲಿ ಬಿಳಿ ಬಣ್ಣ ಇರುವುದಿಲ್ಲವಾದ್ದರಿಂದ ಬಿಳಿ ಅಕ್ಷರ ಬೇಕಾದಲ್ಲಿ ಬಿಳಿ ಹಾಳೆಯ ಮೇಲೆ ಸುತ್ತಲಿನ ಬಣ್ಣ ಮುದ್ರಿಸಿ ಅಂಚು ಕತ್ತರಿಸಬೇಕು.

ಹೀಗೆ ಹೊಸದಾದ ಕಾರನ್ನು ಮೂಲ ಕಾರೆಂದು ಮಾರುವುದು ಮೋಸ. ಇದನ್ನು ಬಿಚ್ಚುಮಾತಿನಲ್ಲಿ ಹೇಳಬೇಕಾಗಿದೆ, ಏಕೆಂದರೆ ಕೆಲವರು ಸ್ಕ್ರೂ ತಲೆಗೆ ಪುಟ್ಟಿ ಮೆತ್ತಿ ರಿವೆಟ್ಟಿನಂತೆ ಕಾಣಿಸುತ್ತಾರೆ. ಸ್ಕ್ರೂ ಕಾಣುವಂತೆಯೇ ಇರಲಿ. ತಗಡಿನ ಒಳಮೈಯಲ್ಲಿ ಮರುಬಣ್ಣ ಎಂದೂ, ಇಸವಿಯನ್ನೂ ಸೂಜಿಯಿಂದ ಗೀಚಿಡಿ. ಕೊಳ್ಳುವವರು ರಿವೆಟ್ಟಿನ ತಲೆಯನ್ನು ಭೂತಗನ್ನಡಿಯಲ್ಲಿ ನೋಡಿ. ಸುತ್ತಲ ತಗಡಿನಷ್ಟೇ ಹಳತಾಗಿ, ನಯವಾಗಿ ಸವೆದಿರಬೇಕು. ಮೈ ಹೊಳೆಯುತ್ತ ಟೈರ್ ಮಾತ್ರ ಬಿರುಕು ಬಿಟ್ಟಿದ್ದರೆ, ಅಥವಾ ಟೈರ್ ಹಳತಾಗಿ ಆಕ್ಸೆಲ್ ತುದಿ ಫಳಫಳ ಎನ್ನುತ್ತಿದ್ದರೆ, ಕೇಳದೆ ದುಡ್ಡು ಕೊಡಬೇಡಿ.

ಕಾರವಾರ, ಕುಮಟಾ, ಶಿರಸಿಯ ಆಟೋ ಪೇಂಟ್ ಅಂಗಡಿಯವರಲ್ಲಿ ಈ ಪತ್ರದ ಮೂಲಕ ಒಂದು ವಿನಂತಿಯಿದೆ. ವಾಶ್ ಪ್ರೈಮರ್, ರಿಟಾರ್ಡರ್ ದೊಡ್ಡ ಡಬ್ಬಿಯಲ್ಲೇ ಬರುತ್ತವೆ. ಹತ್ತು ಆಟಿಕೆ ಕಾರಿಗೆ 50 ಮಿ.ಲೀ. ದಂಡಿ. ಬಣ್ಣ ಕಲಸಿ ಸಣ್ಣ ಡಬ್ಬಿಗೆ ಹಾಕಿ ಕೊಡುವಂತೆ ಇವನ್ನೂ ಎರಡು ಭಾಗ ಬೇರೆಬೇರೆ ಸೀಸೆಗಳಲ್ಲಿ 100 ಮಿ.ಲೀ. ಲೆಕ್ಕದಲ್ಲಿ, ಬೆರೆಸುವ ಅಳತೆ ಬರೆದು ಕೊಟ್ಟರೆ, ಗೇಟಿನ ಬಣ್ಣ ಬಳಿಯುವವರು ಅರ್ಧ ಕಡಿಮೆಯಾಗುತ್ತಾರೆ.

ಇನ್ನು ಈ ಮಳೆಗಾಲಕ್ಕೆ ಇಡುವುದು ಎಲ್ಲಿ? ಅಟ್ಟಕ್ಕೆ ಮರಳಿ ಬೇಡ. ಶಿರಸಿ ಕಡೆಯ ಮನೆಗಳಲ್ಲಿ ಬಚ್ಚಲ ಒಲೆ, ಅಡಿಕೆ ಬೇಯಿಸುವ ಒಲೆಯ ಹೊಗೆ ಅಟ್ಟ ಸೇರುತ್ತದೆ. ಕಟ್ಟಿಗೆ ಹೊಗೆಯಲ್ಲಿ ಅಸೆಟಿಕ್ ಆಮ್ಲವಿರುತ್ತದೆ, ವಿನೆಗರಿನಲ್ಲಿ ಇರುವುದೂ ಅದೇ. ಮುಚ್ಚಿದ ಮರದ ಕಪಾಟು, ಪ್ಲೈವುಡ್ ಡ್ರಾಯರ್ ಕೂಡ ಸಣ್ಣಗೆ ಅದನ್ನೇ ಬಿಡುತ್ತವೆ. ಹಳೆ ಪತ್ರಿಕೆ ಸುತ್ತಬೇಡಿ, ಆ ಕಾಗದದಲ್ಲೂ ಆಮ್ಲವಿದೆ. ನುಸಿಗುಳಿಗೆ ಹಾಕಿದರೆ ಅದರ ಆವಿಗೆ ಕಿಟಕಿಯ ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ರಬ್ಬರಿನ ಟೈರ್ ನೇರವಾಗಿ ಪ್ಲಾಸ್ಟಿಕ್ ಡಬ್ಬಿಯ ತಳಕ್ಕೆ ತಾಗಿ ವರ್ಷಗಟ್ಟಲೆ ಕೂತರೆ ಎರಡೂ ಕರಗಿ ಅಂಟಿಕೊಳ್ಳುತ್ತವೆ. ಅಡುಗೆಮನೆಯ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಮುಚ್ಚಳಕ್ಕೆ ರಬ್ಬರ್ ಪಟ್ಟಿ ಇರುವಂಥದ್ದು, ಒಳ್ಳೆಯದು. ತಳಕ್ಕೆ ಬಟರ್ ಪೇಪರ್ ಹಾಸಿ, ಪ್ರತಿ ಕಾರನ್ನೂ ಬಟರ್ ಪೇಪರಿನಲ್ಲೇ ಸಡಿಲವಾಗಿ ಸುತ್ತಿ. 10 ಲೀಟರಿನ ಡಬ್ಬಿಗೆ 100 ಗ್ರಾಂ ಸಿಲಿಕಾ ಜೆಲ್, ಬಟ್ಟೆಯ ಚೀಲದಲ್ಲಿ, ಬಣ್ಣ ಬದಲಿಸುವ ಜಾತಿಯದು. ಕಿತ್ತಳೆ ಹರಳು ಹಸಿರಿಗೆ ತಿರುಗಿದರೆ, ನೀಲಿಯದು ಗುಲಾಬಿಗೆ ತಿರುಗಿದರೆ ನೀರು ತುಂಬಿದೆ ಎಂದರ್ಥ. 120 ಡಿಗ್ರಿಯ ಓವನ್ನಿನಲ್ಲಿ ಎರಡು ಗಂಟೆ ಇಟ್ಟರೆ ಮತ್ತೆ ಮೊದಲಿನಂತಾಗುತ್ತದೆ. ನೀಲಿ ಹರಳಿನಲ್ಲಿ ಕೋಬಾಲ್ಟ್ ಇರುವುದರಿಂದ ಅಡುಗೆಯ ಓವನ್ನಿಗೆ, ಬಾಣಲೆಗೆ ಅದನ್ನು ಹಾಕಬೇಡಿ. ಕೊಳ್ಳುವಾಗಲೇ ಕಿತ್ತಳೆಯದನ್ನು ಕೇಳಿ, ಬಿಸಿ ಮಾಡುವ ತಟ್ಟೆಯನ್ನು ಬೇರೆಯೇ ಇಡಿ. ಡಬ್ಬಿ ತುಂಬುವ ಕೆಲಸ ಬಿಸಿಲಿನ ದಿನ ಮಧ್ಯಾಹ್ನ ಆಗಲಿ, ಮಳೆ ಸುರಿಯುವಾಗ ಮುಚ್ಚಳ ಹಾಕಿದರೆ ತೇವವನ್ನೇ ಒಳಗೆ ಕೂಡಿಟ್ಟಂತೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಪ್ರತಿ ಅಮಾವಾಸ್ಯೆಗೊಮ್ಮೆ ಹರಳಿನ ಬಣ್ಣ ನೋಡಿ, ಚೀಲ ಬದಲಿಸಿ, ಕೂಡಲೇ ಮುಚ್ಚಿ.

ಇಂತಿ ತಮ್ಮ ವಿಶ್ವಾಸಿಗಳು,
ಹಳೆ ಡೈಕಾಸ್ಟ್ ಕಾರುಗಳ ಆಸಕ್ತ ಓದುಗರು
ಕಾರವಾರ, ಕುಮಟಾ, ಶಿರಸಿ